ಕ್ರೇಫಿಶ್ ಕೆರೆಗೆ ಇಳಿಯೋ ಮುಂಚೆ: ಮೀನುಗಾರಿಕೆ ಇಲಾಖೆಗೂ ಅಕ್ವೇರಿಯಂ ಗೆಳೆಯರಿಗೂ ಒಂದು ಬಹಿರಂಗ ಪತ್ರ

ರಾಜ್ಯ ಮೀನುಗಾರಿಕೆ ಇಲಾಖೆಯ ನಿರ್ದೇಶಕರಿಗೆ, ಕರ್ನಾಟಕ ಜೀವವೈವಿಧ್ಯ ಮಂಡಳಿಯವರಿಗೆ, ಜೊತೆಗೆ ಮನೇಲಿ ಅಕ್ವೇರಿಯಂ ಇಟ್ಕೊಂಡಿರೋ ಎಲ್ಲರಿಗೂ ನಮಸ್ಕಾರ.

ನಾನು ಮಲೆನಾಡಿನ ಒಂದು ಡಿಗ್ರಿ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡೋನು, ಮನೇಲೂ ಮೂರ್ನಾಲ್ಕು ಟ್ಯಾಂಕ್ ಇಟ್ಟಿದೀನಿ, ಹಾಗಾಗಿ ಈ ಹವ್ಯಾಸದ ಮೇಲೆ ನಂಗೆ ಯಾವ ಸಿಟ್ಟೂ ಇಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ. ವಿಷಯ ಕ್ರೇಫಿಶ್‌ದು. ನೋಡೋಕೆ ಸಮುದ್ರದ ಲಾಬ್‌ಸ್ಟರ್‌ನ ಮರಿ ಥರ ಇರುತ್ತೆ, ಮುಂದೆ ಎರಡು ಕೊಂಡಿ, ಹಿಂದೆ ಮಡಚೋ ಬಾಲ, ಆದ್ರೆ ಸಿಹಿನೀರಲ್ಲಿ ಬದುಕುತ್ತೆ. ನಮ್ಮ ದೇಶದ ಹೊಳೆಗಳಲ್ಲಿ ಏಡಿ ಇದೆ, ಸಿಗಡಿ ಇದೆ, ಕ್ರೇಫಿಶ್ ಮಾತ್ರ ಸಹಜವಾಗಿ ಒಂದೇ ಒಂದು ಜಾತಿನೂ ಇಲ್ಲ. ಆದ್ರೂ ಅಕ್ವೇರಿಯಂ ಅಂಗಡಿಗೆ ಹೋದ್ರೆ ನೀಲಿದು, ಕಿತ್ತಳೆದು, ಕಂದು ಬಣ್ಣದ ಮೈಮೇಲೆ ಮಚ್ಚೆ ಇರೋದು ಸಿಗುತ್ತೆ, 'ಮಿನಿ ಲಾಬ್‌ಸ್ಟರ್' ಅಂತ ಹೇಳಿ ಕೊಡ್ತಾರೆ, ಆನ್‌ಲೈನಲ್ಲಿ ಆರ್ಡರ್ ಮಾಡಿದ್ರೆ ಕವರಲ್ಲಿ ನೀರು ಆಕ್ಸಿಜನ್ ತುಂಬಿ ಮನೆಗೇ ಕಳಿಸ್ತಾರೆ. ಇದು ಯಾವ ಜಾತಿ, ಎಲ್ಲಿಂದ ಬಂತು ಅಂತ ಕೇಳಿದ್ರೆ ಅಂಗಡಿಯವ್ರಿಗೂ ಗೊತ್ತಿರಲ್ಲ, ಅದು ಅವ್ರ ತಪ್ಪಲ್ಲ, ಗೊತ್ತಿರ್ಬೇಕು ಅಂತ ಅವ್ರಿಗೆ ಯಾರೂ ಹೇಳಿಲ್ಲ.

ಈ ಪತ್ರ ಬರೀತಿರೋದು ಒಂದೇ ಕಾರಣಕ್ಕೆ. ಬೇರೆ ದೇಶಗಳಲ್ಲಿ ಈ ಪ್ರಾಣಿ ಒಂದ್ಸಲ ನದಿ ವ್ಯವಸ್ಥೆಗೆ ಸೇರ್ಕೊಂಡ ಮೇಲೆ ಅದನ್ನ ಹೊರಗೆ ಹಾಕೋಕೆ ದುಡ್ಡು, ಜನ, ವಿಜ್ಞಾನ ಎಲ್ಲಾ ಇದ್ದೋರ ಕೈಲೂ ಹೆಚ್ಚುಕಮ್ಮಿ ಆಗಿಲ್ಲ. ಅಂಗಡಿ ಕೌಂಟರ್ ಹತ್ರ ಏನು ಮಾಡ್ತೀವೋ ಅಷ್ಟೇ ನಮ್ಮ ಕೈಲಿರೋದು.

ಮೊದಲು ಮಾರ್ಬಲ್ಡ್ ಕ್ರೇಫಿಶ್ ಕತೆ ಹೇಳ್ತೀನಿ, ಯಾಕಂದ್ರೆ ಇದು ಶುರು ಆಗಿದ್ದೇ ಅಕ್ವೇರಿಯಂ ಇಂದ. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಹವ್ಯಾಸಿಗಳ ಟ್ಯಾಂಕ್‌ಗಳಲ್ಲಿ ಒಂದು ಮಚ್ಚೆಮಚ್ಚೆ ಕ್ರೇಫಿಶ್ ಕಾಣಿಸ್ಕೊಳ್ತು, ಒಂದೇ ಒಂದನ್ನ ತಂದು ಬಿಟ್ಟಿದ್ರೂ ಸ್ವಲ್ಪ ದಿನಕ್ಕೆ ಟ್ಯಾಂಕ್ ತುಂಬ ಮರಿ, ಗಂಡು ಇಲ್ಲವೇ ಇಲ್ಲ. ಸಾಕಿದೋರು ಮರಿ ಜಾಸ್ತಿ ಆಯ್ತು ಅಂತ ಫ್ರೆಂಡ್ಸ್‌ಗೆ ಕೊಟ್ರು, ಅವ್ರು ಇನ್ನೊಬ್ರಿಗೆ ಕೊಟ್ರು, ಹಿಂಗೆ ಯುರೋಪ್ ತುಂಬ ಹರಡ್ತು. 2003ರಲ್ಲಿ ಗೆರ್ಹಾರ್ಡ್ ಶೋಲ್ಟ್ಸ್ ಮತ್ತು ಅವ್ರ ಜೊತೆಯವ್ರು 'ನೇಚರ್' ಪತ್ರಿಕೇಲಿ ಬರೆದ್ರು, ಇವೆಲ್ಲಾ ಹೆಣ್ಣೇ, ಗಂಡಿನ ಸಹವಾಸ ಇಲ್ದೇ ಮೊಟ್ಟೆ ಇಟ್ಟು ಮರಿ ಮಾಡ್ತವೆ ಅಂತ. ಹತ್ತು ಕಾಲಿನ ಕ್ರಸ್ಟೇಷಿಯನ್‌ಗಳಲ್ಲಿ, ಅಂದ್ರೆ ಏಡಿ ಸಿಗಡಿ ಲಾಬ್‌ಸ್ಟರ್ ಗುಂಪಲ್ಲಿ, ಹಿಂಗೆ ಮಾಡೋದು ಅಲ್ಲಿವರೆಗೆ ಯಾರೂ ಕಂಡಿರ್ಲಿಲ್ಲ.

ಆಮೇಲೆ ಹೈಡೆಲ್‌ಬರ್ಗ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಫ್ರಾಂಕ್ ಲೈಕೋ ತಂಡ 2018ರಲ್ಲಿ ಇದರ ಪೂರ್ತಿ ಜೀನೋಮ್, ಅಂದ್ರೆ ಡಿಎನ್‌ಎಯ ಇಡೀ ಬರಹ, ಓದಿ ಪ್ರಕಟಿಸ್ತು. ಫ್ಲಾರಿಡಾ ಕಡೆಯ ಪ್ರೊಕ್ಯಾಂಬರಸ್ ಫ್ಯಾಲಾಕ್ಸ್ ಅನ್ನೋ ಮಾಮೂಲಿ ಕ್ರೇಫಿಶ್‌ನ ವಂಶದಲ್ಲಿ ಯಾವಾಗ್ಲೋ ಒಂದು ಎಡವಟ್ಟಾಗಿ, ಕ್ರೋಮೊಸೋಮ್ ಎರಡು ಸೆಟ್ ಬದಲು ಮೂರು ಸೆಟ್ ಸೇರಿ, ಒಟ್ಟು 276 ಕ್ರೋಮೊಸೋಮ್ ಇರೋ ಒಂದು ಹೆಣ್ಣು ಹುಟ್ಟಿದೆ, ಇವತ್ತು ಜಗತ್ತಲ್ಲಿರೋ ಅಷ್ಟೂ ಮಾರ್ಬಲ್ಡ್ ಕ್ರೇಫಿಶ್ ಅದರ ಪಡಿಯಚ್ಚು. ಜರ್ಮನಿಯ ಟ್ಯಾಂಕ್‌ದು, ಮಡಗಾಸ್ಕರ್‌ನ ಗದ್ದೇದು, ಎರಡರ ಡಿಎನ್‌ಎ ಇಟ್ಟು ನೋಡಿದ್ರೆ ವ್ಯತ್ಯಾಸ ಹುಡುಕೋದೇ ಕಷ್ಟ. 2017ರಲ್ಲಿ ಅದಕ್ಕೆ ಪ್ರೊಕ್ಯಾಂಬರಸ್ ವರ್ಜಿನಾಲಿಸ್ ಅಂತ ಸ್ವಂತ ಹೆಸರೂ ಬಂತು. ಇದರ ಅರ್ಥ ಏನು ಅಂದ್ರೆ, ಬೇರೆ ಪ್ರಾಣಿ ಆದ್ರೆ ಒಂದು ತಪ್ಪಿಸ್ಕೊಂಡ್ರೆ ಹೋಗ್ಲಿ ಬಿಡು ಒಂಟಿಯಾಗಿ ಸಾಯುತ್ತೆ ಅನ್ಬೋದು, ಇಲ್ಲಿ ಆ ಮಾತೇ ಇಲ್ಲ. ಒಂದು ಸಾಕು.

ಮೊಟ್ಟೆ ಹೊತ್ತಿರೋ ಕ್ರೇಫಿಶ್‌ನ ಹತ್ತಿರದಿಂದ ನೋಡಿದೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಬಾಲದ ಅಡಿಯಲ್ಲಿ ಸಣ್ಣ ಸಣ್ಣ ಈಜುಗಾಲು ಇರುತ್ವೆ, ಮೊಟ್ಟೆಗಳು ಅದಕ್ಕೇ ಗೊಂಚಲಾಗಿ ಅಂಟ್ಕೊಂಡಿರ್ತವೆ, ತಾಯಿ ಆ ಕಾಲುಗಳನ್ನ ಮೆಲ್ಲಗೆ ಆಡಿಸ್ತಾ ಮೊಟ್ಟೆಗೆ ಹೊಸ ನೀರು ಸಿಗೋ ಹಾಗೆ ಮಾಡ್ತಾ ಇರುತ್ತೆ, ಅಪಾಯ ಅನ್ಸಿದ್ರೆ ಬಾಲ ಒಳಗೆ ಮಡಚಿ ಗೊಂಚಲನ್ನ ಮುಚ್ಚಿಬಿಡುತ್ತೆ. ಮೊಟ್ಟೆ ಒಡೆದ ಮೇಲೂ ಮರಿಗಳು ಸ್ವಲ್ಪ ದಿನ ಅಲ್ಲೇ ನೇತಾಡ್ತಾ ಇರ್ತವೆ. ನೀರಿಗೆ ಬಿಟ್ಟು ಹೋಗೋ ಮೀನಿನ ಮೊಟ್ಟೆ ಥರ ಅಲ್ಲ ಇದು, ಅರ್ಧಕ್ಕರ್ಧ ಯಾರೋ ತಿಂದು ಹಾಕ್ತಾರೆ ಅನ್ನೋ ಭರವಸೆ ಇಲ್ಲ. ಒಂದು ಸಲಕ್ಕೆ ನೂರಾರು ಮರಿ, ಆ ಮರಿಗಳು ಕೆಲವೇ ತಿಂಗಳಿಗೆ ಮತ್ತೆ ಮೊಟ್ಟೆ ಇಡೋ ವಯಸ್ಸಿಗೆ ಬರ್ತವೆ. ಮೈ ಒದ್ದೆ ಇದ್ರೆ ನೀರಿಂದ ಹೊರಗೂ ಸುಮಾರು ಹೊತ್ತು ಬದುಕಿರುತ್ತೆ, ಮಳೆಗಾಲದ ರಾತ್ರಿ ಒಂದು ಹೊಂಡದಿಂದ ಇನ್ನೊಂದು ಹೊಂಡಕ್ಕೆ ನಡ್ಕೊಂಡೇ ಹೋಗುತ್ತೆ. 2020ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಊರಿನ ಒಂದು ದೊಡ್ಡ ಸ್ಮಶಾನದ ಕೊಳ, ಕಾಲುವೆ ತುಂಬ ಇವೇ ತುಂಬ್ಕೊಂಡಿವೆ, ರಾತ್ರಿ ದಾರಿ ಮೇಲೆಲ್ಲಾ ಓಡಾಡ್ತವೆ ಅಂತ ಸುದ್ದಿ ಆಗಿತ್ತು. ಯಾರೋ ಒಬ್ರು ಟ್ಯಾಂಕ್ ಖಾಲಿ ಮಾಡಿರ್ಬೇಕು ಅಂತಾನೇ ಅಲ್ಲಿನವ್ರ ಅಂದಾಜು.

ಮಡಗಾಸ್ಕರ್‌ಗೆ ಇದು ಬಂದಿದ್ದು ಸುಮಾರು 2005ರ ಹೊತ್ತಿಗೆ. ಬ್ರಿಟನ್ನಿನ ಬ್ಯಾಂಗರ್ ಯೂನಿವರ್ಸಿಟಿಯ ಜೂಲಿಯಾ ಜೋನ್ಸ್ ಅಲ್ಲಿನ ಕಾಡಿನ ಹೊಳೆಗಳಲ್ಲಿರೋ ಸ್ವದೇಶಿ ಕ್ರೇಫಿಶ್‌ಗಳ ಮೇಲೆ ಎಷ್ಟೋ ವರ್ಷದಿಂದ ಕೆಲಸ ಮಾಡ್ತಿದ್ರು. ಮಡಗಾಸ್ಕರ್‌ದೇ ಆದ ಅಸ್ಟಕಾಯ್ಡೆಸ್ ಅನ್ನೋ ಕುಲ ಇದೆ, ಏಳು ಜಾತಿ, ಭೂಮಿ ಮೇಲೆ ಬೇರೆಲ್ಲೂ ಇಲ್ಲ, ನಿಧಾನಕ್ಕೆ ಬೆಳೆಯೋವು, ಕಾಡಂಚಿನ ಬಡವರಿಗೆ ಅವೇ ಊಟ, ಅವೇ ಸಂತೆ ಕಾಸು. ಅಂಥ ಕಡೆ ರಾಜಧಾನಿ ಅಂಟನನರಿವೊ ಸುತ್ತಮುತ್ತ ಗದ್ದೆಗಳಲ್ಲಿ, ಮಾರ್ಕೆಟ್ಟಲ್ಲಿ ಈ ಹೊಸ ಮಚ್ಚೆ ಪ್ರಾಣಿ ರಾಶಿ ರಾಶಿ ಕಾಣಿಸ್ಕೊಳ್ಳೋಕೆ ಶುರು ಆಯ್ತು. 2009ರಲ್ಲಿ ಜೋನ್ಸ್ ತಂಡ ಇದು ಎಲ್ಲಾ ಥರದಲ್ಲೂ ತಯಾರಾಗಿ ಬಂದಿರೋ ಆಕ್ರಮಣಕಾರಿ ಅಂತ ಎಚ್ಚರಿಕೆ ಕೊಡ್ತು. ಲೈಕೋ ತಂಡದ ಲೆಕ್ಕದ ಪ್ರಕಾರ 2007ರಲ್ಲಿ ಇದು ಹರಡಿದ್ದ ಜಾಗ ಸುಮಾರು 1,000 ಚದರ ಕಿಲೋಮೀಟರ್, 2017ರ ಹೊತ್ತಿಗೆ 1 ಲಕ್ಷ ಚದರ ಕಿಲೋಮೀಟರ್ ದಾಟಿತ್ತು. ನಮ್ಮ ಇಡೀ ಕರ್ನಾಟಕ 1,91,791 ಚದರ ಕಿಲೋಮೀಟರ್. ಹತ್ತೇ ವರ್ಷದಲ್ಲಿ ಅರ್ಧ ಕರ್ನಾಟಕಕ್ಕಿಂತ ಜಾಸ್ತಿ. ಅದೂ ಪ್ರಾಣಿ ತಾನಾಗೇ ನಡ್ಕೊಂಡು ಹೋಗಿದ್ದು ಕಡಿಮೆ, ಜನ ಬಕೆಟ್ಟಲ್ಲಿ, ಬಸ್ಸಲ್ಲಿ ಜೀವಂತ ಸಾಗಿಸಿದ್ದೇ ಹೆಚ್ಚು, ನಮ್ಮೂರಲ್ಲೂ ಸಿಗ್ಲಿ ಅಂತ ಗದ್ದೆಗೆ ಬಿಟ್ಟೋರೂ ಇದಾರೆ.

ಈ ಕತೇಲಿ ಇನ್ನೊಂದು ಮುಖ ಇದೆ, ಅದನ್ನ ಬಿಟ್ಟು ಹೇಳಿದ್ರೆ ಅನ್ಯಾಯ ಆಗುತ್ತೆ. ಮಡಗಾಸ್ಕರ್‌ನವರೇ ಆದ ರಾಂಜಾ ಆಂಡ್ರಿಯಾಂಟ್ಸೋವಾ ಈ ಪ್ರಾಣಿ ಹಿಂದೆ ಊರೂರು ಸುತ್ತಿ ಕೆಲಸ ಮಾಡಿದ ವಿಜ್ಞಾನಿ. ಬಡ ಕುಟುಂಬಗಳಿಗೆ ಇದು ಅಗ್ಗದ ಪ್ರೋಟೀನ್ ಆಗಿದೆ, ಹಿಡಿದು ಮಾರೋರಿಗೆ ಆದಾಯ ಆಗಿದೆ ಅನ್ನೋದು ಅವ್ರ ತಂಡದ ಕೆಲಸದಿಂದ ಗೊತ್ತಾಯ್ತು. ಬಿಲ್ಹಾರ್ಜಿಯಾ ಅಂತ ಒಂದು ಕಾಯಿಲೆ ಅಲ್ಲಿ ಜನರನ್ನ ಹಿಂಡಿ ಹಾಕಿದೆ, ಅದರ ಹುಳ ಬೆಳೆಯೋದು ಸಿಹಿನೀರಿನ ಬಸವನಹುಳದ ಮೈಯೊಳಗೆ, ಈ ಕ್ರೇಫಿಶ್ ಆ ಬಸವನಹುಳ ತಿನ್ನುತ್ತೆ, ಹಾಗಾಗಿ ಕಾಯಿಲೆ ಕಮ್ಮಿ ಮಾಡೋಕೆ ಉಪಯೋಗ ಆಗ್ಬೋದಾ ಅಂತಾನೂ ಅವ್ರು ಹುಡುಕಿದ್ರು. ಇದನ್ನ ಓದಿದ ಕೆಲವರು ನಮ್ಮಲ್ಲೂ ಹೇಳ್ತಾರೆ, ನೋಡಿ ಒಳ್ಳೇದೂ ಇದೆಯಲ್ಲ ಅಂತ. ನಾನು ಹೇಳೋದು ಇಷ್ಟೇ, ಬಂದು ಕೂತ್ಬಿಟ್ಟಿರೋ ಪ್ರಾಣಿ ಜೊತೆ ಹೆಂಗೆ ಬದುಕೋದು ಅನ್ನೋ ಪ್ರಶ್ನೆಗೆ ಅವ್ರು ಉತ್ತರ ಹುಡುಕ್ತಿದಾರೆ, ಅದು ಅವ್ರ ಅನಿವಾರ್ಯ. ನಮ್ಮ ಪ್ರಶ್ನೆ ಅದಲ್ಲ. ಮನೆಗೆ ಬೆಂಕಿ ಬಿದ್ದೋರು ಅದರಲ್ಲಿ ಕೈ ಕಾಯಿಸ್ಕೊಂಡ್ರು ಅಂತ ನಾವು ಹೋಗಿ ನಮ್ಮನೆಗೆ ಕಡ್ಡಿ ಗೀರೋಕಾಗಲ್ಲ.

ಹಿಂಗೆ ಹೇಳೋದಕ್ಕೆ ಕಾರಣ ಇದೆ ಸಾರ್. ಇಲಾಖೆಗೆ ಇವತ್ತಲ್ಲ ನಾಳೆ ಯಾರಾದ್ರೂ ಅರ್ಜಿ ಹಿಡ್ಕೊಂಡು ಬಂದೇ ಬರ್ತಾರೆ, ಚೀನಾದಲ್ಲಿ ಗದ್ದೇಲಿ ಭತ್ತದ ಜೊತೆ ಕೆಂಪು ಕ್ರೇಫಿಶ್ ಸಾಕಿ ಕೋಟಿಗಟ್ಟಲೆ ವ್ಯಾಪಾರ ಮಾಡ್ತಾರೆ, ನಮಗೂ ಸಬ್ಸಿಡಿ ಕೊಡಿ, ರೈತರ ಆದಾಯ ಹೆಚ್ಚಾಗುತ್ತೆ ಅಂತ. ಕೇಳೋಕೆ ಚೆನ್ನಾಗೇ ಇರುತ್ತೆ. ಆಗ ದಯವಿಟ್ಟು ಯುರೋಪಿನ ಫೈಲ್ ತೆಗೆದು ನೋಡಿ. 1859ರ ಸುಮಾರಿಗೆ ಉತ್ತರ ಇಟಲಿಯಲ್ಲಿ ಕ್ರೇಫಿಶ್‌ಗಳು ಇದ್ದಕ್ಕಿದ್ದ ಹಾಗೆ ಸಾಯೋಕೆ ಶುರು ಆದ್ವು, ಅದು ಅಫನೋಮೈಸೆಸ್ ಅಸ್ಟಾಸಿ ಅನ್ನೋ ಬೂಸ್ಟಿನಂಥ ರೋಗಾಣು, ಉತ್ತರ ಅಮೆರಿಕದ್ದು. ಕ್ರೇಫಿಶ್ ಪ್ಲೇಗ್ ಅಂತಾರೆ. ಅಮೆರಿಕದ ಕ್ರೇಫಿಶ್‌ಗಳು ಅದರ ಜೊತೆ ಹುಟ್ಟಿ ಬೆಳೆದಿರೋದ್ರಿಂದ ಅವಕ್ಕೆ ಏನೂ ಆಗಲ್ಲ, ಮೈಮೇಲೆ ಹೊತ್ಕೊಂಡು ಓಡಾಡ್ತವೆ, ಯುರೋಪಿನವು ಮಾತ್ರ ಹೊಳೆಗೆ ಹೊಳೆನೇ ಖಾಲಿ. ಸ್ವೀಡನ್ನಲ್ಲಿ ಕ್ರೇಫಿಶ್ ಅಂದ್ರೆ ಹಬ್ಬದೂಟ, ಅದು ಹೋಯ್ತಲ್ಲ ಅಂತ 1960ರ ದಶಕದಲ್ಲಿ ರೋಗಕ್ಕೆ ಜಗ್ಗದ ಅಮೆರಿಕದ ಸಿಗ್ನಲ್ ಕ್ರೇಫಿಶ್ ತಂದು ಬಿಟ್ರು. ಅದೇ ರೋಗ ಹೊತ್ಕೊಂಡು ಬರೋದು ಅದೇ ಪ್ರಾಣಿ ಅನ್ನೋದು ಗೊತ್ತಾಗೋ ಹೊತ್ತಿಗೆ ಉಳಿದಿದ್ದ ಸ್ವದೇಶಿ ಕ್ರೇಫಿಶ್‌ಗೂ ಕುತ್ತು ಬಂತು. 1970ರ ದಶಕದಲ್ಲಿ ಬ್ರಿಟನ್ನೂ ಅದನ್ನೇ ಮಾಡ್ತು, ಫಾರ್ಮ್ ಮಾಡಿ ರಫ್ತು ಮಾಡೋ ಆಸೆಗೆ ಸಿಗ್ನಲ್ ಕ್ರೇಫಿಶ್ ತಂದ್ರು, ಅವು ಕೊಳದಿಂದ ತಪ್ಪಿಸ್ಕೊಂಡು ನದಿ ಸೇರಿದ್ವು, ಈಗ ದಡದಲ್ಲಿ ಬಿಲ ಕೊರೆದು ಕೊರೆದು ದಡಾನೇ ಕುಸೀತಿದೆ, ಅಲ್ಲಿನ ಬಿಳಿಗಾಲಿನ ಸ್ವದೇಶಿ ಕ್ರೇಫಿಶ್ ಅಳಿವಿನಂಚಿಗೆ ಬಂದಿದೆ.

ಕೀನ್ಯಾದ ನೈವಾಶಾ ಸರೋವರಕ್ಕೆ 1970ರಲ್ಲಿ ಅಮೆರಿಕದ ಲೂಸಿಯಾನಾ ಮೂಲದ ಕೆಂಪು ಕ್ರೇಫಿಶ್ ಬಿಟ್ಟಿದ್ದೂ ಮೀನುಗಾರಿಕೆಗೆ ಲಾಭ ಆಗ್ಲಿ ಅಂತಾನೇ. ಸ್ವಲ್ಪ ವರ್ಷ ರಫ್ತೂ ಆಯ್ತು. ಆದ್ರೆ 1980ರ ದಶಕದ ಶುರುವಿನ ಹೊತ್ತಿಗೆ ನೀರೊಳಗಿನ ಗಿಡಗಳು, ನೈದಿಲೆ ಹಾಸು ಕಾಣೆ ಆಗಿದ್ವು. ಇದೊಂದೇ ಕಾರಣ ಅಂತ ಯಾರೂ ಹೇಳಲ್ಲ, ಸರೋವರಕ್ಕೆ ಬೇರೆ ಕಷ್ಟಗಳೂ ಇದ್ವು, ಆದ್ರೆ ಅಲ್ಲಿ ವರ್ಷಾನುಗಟ್ಟಲೆ ಕೂತು ಅಧ್ಯಯನ ಮಾಡಿದ ಡೇವಿಡ್ ಹಾರ್ಪರ್ ಥರದವ್ರ ಕೆಲಸ ನೋಡಿದ್ರೆ ಗಿಡ ಮತ್ತೆ ಕ್ರೇಫಿಶ್ ಎರಡೂ ಒಂದು ಏರಿದ್ರೆ ಇನ್ನೊಂದು ಇಳಿಯೋ ಥರ ನಡ್ಕೊಂಡು ಬಂದಿವೆ.

ಹಿಡಿದು ತಿಂದು ಮುಗಿಸ್ಬಿಡೋಣ ಅಂತ ಹೇಳೋರಿಗೂ ಒಂದು ಅಧ್ಯಯನ ಇದೆ, ನಂಗೆ ಬಹಳ ಇಷ್ಟ ಆಗಿದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡ್ಯಾನಿಯಲ್ ಚಾಡ್ವಿಕ್ ಮತ್ತು ಜೊತೆಯವ್ರು ಯಾರ್ಕ್‌ಶೈರ್‌ನ ಒಂದು ಸಣ್ಣ ಹಳ್ಳಕ್ಕೆ ಅಡ್ಡ ಕಟ್ಟಿ, ಪಂಪ್ ಇಟ್ಟು ನೀರೆಲ್ಲಾ ಖಾಲಿ ಮಾಡಿ, ಕಲ್ಲು ಒಂದೊಂದೇ ಎತ್ತಿ ಸಿಕ್ಕ ಕ್ರೇಫಿಶ್ ಎಲ್ಲಾ ಎಣಿಸಿದ್ರು. ಮತ್ತೆ ನೀರು ಬಿಟ್ರು, ಮತ್ತೆ ಖಾಲಿ ಮಾಡಿ ಎಣಿಸಿದ್ರು, ಹಿಂಗೆ ಮೂರು ಸಲ. 2021ರಲ್ಲಿ ಬಂದ ಆ ಲೆಕ್ಕದಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಇಪ್ಪತ್ತರಿಂದ ಹಿಡಿದು ಕೆಲವು ಕಡೆ 110ರವರೆಗೆ ಸಿಕ್ಕಿದ್ವು, ಬಹುಪಾಲು ಉಗುರಿನಷ್ಟುದ್ದದ ಮರಿಗಳು. ಎಲ್ಲರೂ ಬಳಸೋ ಬಲೆಬೋನಿಗೆ ಬೀಳೋ ಗಾತ್ರದ ದೊಡ್ಡವು ಅದರಲ್ಲಿ ನೂರಕ್ಕೆ ಎರಡೋ ಮೂರೋ ಅಷ್ಟೇ. ಅಂದ್ರೆ ನಾವು ಬೋನು ಇಟ್ಟು, ದೊಡ್ಡವು ಹಿಡಿದು, ಅಬ್ಬಾ ಕಮ್ಮಿ ಆಯ್ತು ಅಂತ ಖುಷಿ ಪಡೋ ಹೊತ್ತಲ್ಲಿ ಕಲ್ಲಿನ ಕೆಳಗೆ ಉಳಿದ ತೊಂಬತ್ತೇಳು ಆರಾಮಾಗಿರ್ತವೆ, ಮೇಲಾಗಿ ಮರಿಗಳನ್ನ ತಿಂತಿದ್ದ ದೊಡ್ಡವನ್ನ ನಾವೇ ತೆಗೆದು ಅವಕ್ಕೆ ಅನುಕೂಲ ಮಾಡಿಕೊಟ್ಟಿರ್ತೀವಿ.

ಹಾಗಾದ್ರೆ ಯಾವುದು ಅಪಾಯ ಯಾವುದು ಅಲ್ಲ ಅಂತ ಬರೋ ಮುಂಚೆನೇ ಹೆಂಗೆ ಗೊತ್ತಾಗುತ್ತೆ ಅಂತ ಇಲಾಖೆಯವ್ರು ಕೇಳ್ಬೋದು, ನ್ಯಾಯವಾದ ಪ್ರಶ್ನೆ. ಇಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ಯೂನಿವರ್ಸಿಟಿಯ ಜೇಮಿ ಡಿಕ್ ಅನ್ನೋ ಪರಿಸರ ವಿಜ್ಞಾನಿ ಕೆಲಸ ನೆನಪಿಗೆ ಬರುತ್ತೆ. ಉತ್ತರ ಐರ್ಲೆಂಡಿನ ನದಿಗಳಿಗೆ 1950ರ ದಶಕದ ಕೊನೆಗೆ ಟ್ರೌಟ್ ಮೀನಿಗೆ ಆಹಾರ ಆಗ್ಲಿ ಅಂತ ಗ್ಯಾಮರಸ್ ಪುಲೆಕ್ಸ್ ಅನ್ನೋ ಸಿಗಡಿ ಥರದ ಪುಟ್ಟ ಜೀವಿ ತಂದು ಬಿಟ್ಟಿದ್ರು. ನೋಡೋಕೆ ಅಲ್ಲಿನ ಸ್ವದೇಶಿ ಗ್ಯಾಮರಸ್ ಥರಾನೇ ಇತ್ತು, ಏನು ವ್ಯತ್ಯಾಸ ಆಗುತ್ತೆ ಅಂದ್ಕೊಂಡಿರ್ಬೇಕು. ಆದ್ರೆ ಸ್ವದೇಶಿದು ಒಂದೊಂದೇ ಜಾಗದಿಂದ ಮಾಯ ಆಗ್ತಾ ಬಂತು. ಡಿಕ್ ತೋರಿಸಿದ್ದು ಏನಂದ್ರೆ, ಈ ಜೀವಿಗಳು ಪೊರೆ ಕಳಚಿದಾಗ ಹೊಸ ಚಿಪ್ಪು ಗಟ್ಟಿ ಆಗೋವರೆಗೆ ಮೈ ಮೆತ್ತಗಿರುತ್ತೆ, ಹೊರಗಿನಿಂದ ಬಂದಿದ್ದು ಆ ಹೊತ್ತು ನೋಡ್ಕೊಂಡು ಸ್ವದೇಶಿದನ್ನ ತಿಂದು ಹಾಕುತ್ತೆ, ಸ್ವದೇಶಿದು ತಿರುಗಿ ತಿನ್ನುತ್ತೆ ಆದ್ರೆ ಅಷ್ಟು ಸಮರ್ಥವಾಗಿ ಅಲ್ಲ. ಅಷ್ಟೇ ವ್ಯತ್ಯಾಸ ಸಾಕಾಯ್ತು.

ಅಲ್ಲಿಂದ ಮುಂದಕ್ಕೆ ಅವ್ರು ಒಂದು ಸರಳ ಪರೀಕ್ಷೆ ಬೆಳೆಸಿದ್ರು, ಅದರ ಬೇರು ಹಾಲಿಂಗ್ ಅನ್ನೋ ಕೆನಡಾದ ವಿಜ್ಞಾನಿ 1959ರಲ್ಲಿ ಕೊಟ್ಟ 'ಫಂಕ್ಷನಲ್ ರೆಸ್ಪಾನ್ಸ್' ಅನ್ನೋ ಲೆಕ್ಕದಲ್ಲಿದೆ. ಸಣ್ಣ ಸಣ್ಣ ಡಬ್ಬಿ ಸಾಲಾಗಿ ಇಡಿ, ಒಂದೊಂದರಲ್ಲೂ ಬೇಟೆಯಾಡೋ ಪ್ರಾಣಿ ಒಂದೊಂದು, ಮೊದಲನೇದಕ್ಕೆ ಎರಡು ಹುಳ, ಮುಂದಿನದಕ್ಕೆ ನಾಲ್ಕು, ಎಂಟು, ಹದಿನಾರು ಹಿಂಗೆ ಹಾಕಿ, ಗೊತ್ತಾದ ಹೊತ್ತು ಬಿಟ್ಟು ಎಷ್ಟು ತಿಂದಿದೆ ಎಣಿಸಿ ಗ್ರಾಫ್ ಹಾಕಿ. ಇದನ್ನೇ ಹೊರಗಿನ ಪ್ರಾಣಿಗೂ ಮಾಡಿ, ಅದೇ ಕೆಲಸ ಮಾಡೋ ಊರಿನ ಪ್ರಾಣಿಗೂ ಮಾಡಿ. ಹೊರಗಿನದರ ಗೆರೆ ಮೇಲಕ್ಕೆ ಹೋದ್ರೆ ತಲಾ ಲೆಕ್ಕದಲ್ಲಿ ಅದು ಜಾಸ್ತಿ ತಿನ್ನುತ್ತೆ ಅಂತ ಗೊತ್ತಾಯ್ತು. ಇನ್ನೂ ಸೂಕ್ಷ್ಮ ಇರೋದು ಗ್ರಾಫಿನ ಎಡತುದೀಲಿ: ಬೇಟೆ ಕಮ್ಮಿ ಇದ್ದಾಗ ಕೆಲವು ಪ್ರಾಣಿ ಹುಡುಕೋದು ಬಿಟ್ಬಿಡ್ತವೆ, ಹಾಗಾಗಿ ಕೊನೇ ಎರಡು ಮೂರು ಬದುಕ್ಕೊಳ್ತವೆ, ಇನ್ನು ಕೆಲವು ಕೊನೇದನ್ನೂ ಹುಡುಕಿ ತಿಂತವೆ, ಅಂಥದ್ದೇ ಒಂದು ಜಾತಿನ ಪೂರ್ತಿ ಮುಗಿಸೋದು. 2013ರಲ್ಲಿ ಹೆಮಿಮೈಸಿಸ್ ಅನೋಮಲಾ ಅನ್ನೋ, ಕಪ್ಪುಸಮುದ್ರ ಕ್ಯಾಸ್ಪಿಯನ್ ಕಡೆಯಿಂದ ಬಂದ ಕೆಂಪು ಸಿಗಡಿ ಮೇಲೆ ಡಿಕ್ ತಂಡ ಇದನ್ನ ಮಾಡಿ ತೋರಿಸ್ತು, ಸ್ವದೇಶಿ ಸಿಗಡಿಗಿಂತ ಅದರ ಗೆರೆ ಮೇಲಿತ್ತು, ಕೆರೆ ಸರೋವರಗಳಲ್ಲಿ ಆಗಿದ್ದ ಹಾನಿಗೂ ಇದು ಹೊಂದ್ತು. ಆಮೇಲೆ ತಲೆಗೆಷ್ಟು ತಿನ್ನುತ್ತೆ ಅನ್ನೋದರ ಜೊತೆ ತಲೆ ಎಷ್ಟಿದೆ ಅನ್ನೋದನ್ನೂ ಗುಣಿಸಿ ನೋಡ್ಬೇಕು ಅಂತ ಸೇರಿಸಿದ್ರು. ಗಂಡಿಲ್ದೇ ನೂರಾರು ಮರಿ ಹಾಕೋ ಪ್ರಾಣಿಗೆ ಆ ಗುಣಾಕಾರ ಎಲ್ಲಿಗೆ ಹೋಗಿ ನಿಲ್ಲುತ್ತೆ ಯೋಚನೆ ಮಾಡಿ.

ಇದಕ್ಕೆ ಕೋಟಿ ರೂಪಾಯಿ ಮಷೀನ್ ಏನೂ ಬೇಡ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ, ಬೆಂಗಳೂರಲ್ಲಿ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ಅಲ್ಲಿರೋ ಹುಡುಗ ಹುಡುಗೀರು ಒಂದು ಸೆಮಿಸ್ಟರಲ್ಲಿ ಮಾಡಿ ಮುಗಿಸೋ ಕೆಲಸ. ಅಂಗಡೀಲಿ ಸಿಗೋ ಕ್ರೇಫಿಶ್ ಒಂದು ಕಡೆ, ನಮ್ಮ ಹೊಳೆ ಸಿಗಡಿ, ನಮ್ಮ ಗದ್ದೆ ಏಡಿ ಇನ್ನೊಂದು ಕಡೆ, ನಮ್ಮ ನೀರಿನ ಬಿಸಿಯಲ್ಲಿ. ನೀರು ಹೊರಗೆ ಹೋಗದ ಹಾಗೆ ಭದ್ರವಾಗಿ ಮುಚ್ಚಿದ ಲ್ಯಾಬಲ್ಲೇ ಆಗ್ಬೇಕು ಅನ್ನೋದು ಹೇಳ್ಬೇಕಾಗಿಲ್ಲ.

ನಮ್ಮ ಏಡಿ ಬಗ್ಗೆ ಇಷ್ಟು ಚಿಂತೆ ಯಾಕೆ ಅಂದ್ರೆ, ಕ್ರೇಫಿಶ್ ಇಲ್ಲದ ದೇಶಕ್ಕೆ ಕ್ರೇಫಿಶ್ ಪ್ಲೇಗ್ ಬಂದ್ರೆ ಏನು ನಷ್ಟ ಅಂತ ಅನ್ಸೋದು ಸಹಜ. ಆದ್ರೆ 2014ರಲ್ಲಿ ಜೆಕ್ ವಿಜ್ಞಾನಿ ಯಿರಿ ಸ್ವೊಬೊಡಾ ಮತ್ತು ಜೊತೆಯವ್ರು ಈ ರೋಗಾಣು ಸಿಹಿನೀರಿನ ಏಡಿಗಳಿಗೂ ಅಂಟುತ್ತೆ ಅಂತ ತೋರಿಸಿದ್ರು. ಯುರೋಪಲ್ಲಿ ಸಿಕ್ಕ ಮಾರ್ಬಲ್ಡ್ ಕ್ರೇಫಿಶ್ ಮೈಮೇಲೂ ಈ ರೋಗಾಣು ಪತ್ತೆ ಆಗಿದೆ. ನಮ್ಮ ಘಟ್ಟದ ಏಡಿಗಳಿಗೆ ಅದು ಏನು ಮಾಡುತ್ತೆ ಅನ್ನೋದನ್ನ ಕೆರೇಲಿ ಪ್ರಯೋಗ ಮಾಡಿ ತಿಳ್ಕೊಳ್ಳೋ ಗತಿ ನಮಗೆ ಬರ್ಬಾರ್ದು. ಪಶ್ಚಿಮ ಘಟ್ಟದ ಏಡಿಗಳು ಒಂದೊಂದು ಕಣಿವೆಗೆ ಒಂದೊಂದು ಜಾತಿ ಅನ್ನೋ ಥರ ಇರೋವು, ಯಾಕಂದ್ರೆ ಅವುಗಳ ಮರಿ ನೀರಲ್ಲಿ ತೇಲಿ ದೂರ ಹೋಗಲ್ಲ, ತಾಯಿ ಹೊಟ್ಟೆಯಡಿಯಲ್ಲೇ ಮೊಟ್ಟೆ ಒಡೆದು ಪುಟ್ಟ ಏಡಿಯಾಗೇ ಹೊರಗೆ ಬರುತ್ತೆ, ಹುಟ್ಟಿದ ಹಳ್ಳದ ಸುತ್ತಲೇ ಬದುಕು ಮುಗಿಯುತ್ತೆ. 2022ರಲ್ಲಿ ಉತ್ತರ ಕನ್ನಡದ ಯಲ್ಲಾಪುರ ತಾಲೂಕಲ್ಲಿ ಬಿಳಿ ಮೈ, ಕೆಂಪುನೇರಳೆ ಕಾಲಿನ ಒಂದು ಹೊಸ ಏಡಿ ಸಿಕ್ತು, ಘಾಟಿಯಾನಾ ದ್ವಿವರ್ಣ ಅಂತ ಹೆಸರಿಟ್ರು, ಮೊದಲು ಗಮನಿಸಿದ್ದು ಒಬ್ಬ ಫಾರೆಸ್ಟ್ ಗಾರ್ಡ್ ಮತ್ತು ಅಲ್ಲಿನ ಒಬ್ಬ ನಿಸರ್ಗಪ್ರಿಯರು. ಇನ್ನೂ ಹೆಸರೇ ಇಡದ ಏಡಿಗಳು ನಮ್ಮ ಕಾಡಲ್ಲಿರುವಾಗ, ಅವಕ್ಕೆ ರೋಗ ಬಂದು ಹೋದ್ರೆ ಹೋಗಿದ್ದು ಏನು ಅಂತಾನೂ ಗೊತ್ತಾಗಲ್ಲ. ಮೊದಲ ಮಳೆಗೆ ಟಾರ್ಚ್ ಹಿಡ್ಕೊಂಡು ಗದ್ದೆಗೆ ಏಡಿ ಹಿಡಿಯೋಕೆ ಹೋಗೋ ಮಲೆನಾಡಿನ ಜನಕ್ಕೆ ಇದು ಊಟದ ಪ್ರಶ್ನೆನೂ ಹೌದು.

ಬಯಲುಸೀಮೆಗೂ ನಿಶ್ಚಿಂತೆ ಇಲ್ಲ. ಬೆಂಗಳೂರು, ಕೋಲಾರ ಕಡೆ ಕೆರೆಗಳು ಸರಪಳಿ ಥರ ಇರೋದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು, ಮೇಲಿನ ಕೆರೆ ಕೋಡಿ ಬಿದ್ರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗೆ, ಕೊನೆಗೆ ಅರ್ಕಾವತಿ, ಕಾವೇರಿ ಇಲ್ಲಾ ದಕ್ಷಿಣ ಪಿನಾಕಿನಿಗೆ. ಮೇಲಿನ ಕೆರೇಲಿ ಒಬ್ರು ಬಿಟ್ಟಿದ್ದು ಕೆಳಗಿನ ಎಲ್ಲರಿಗೂ ಬಿಟ್ಟ ಹಾಗೆ. ಬೆಂಗಳೂರಿನ ಕೆರೆಗಳಲ್ಲಿ ಈಗಾಗ್ಲೇ ಸಕ್ಕರ್ ಮೀನು ಬಲೆ ಹರಿದು ಮೀನುಗಾರರ ಗೋಳು ಹೊಯ್ಕೊಳ್ತಿದೆ, ಅದೂ ಗಾಜು ಕ್ಲೀನ್ ಮಾಡುತ್ತೆ ಅಂತ ಅಕ್ವೇರಿಯಂಗೆ ತಂದಿದ್ದೇ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದು ನಿಷೇಧ ಆಗಿ ಎಷ್ಟೋ ವರ್ಷ ಆದ್ರೂ ಅದು ಹೊಳೆ ಸೇರಿದ ಮೇಲೆ ಆದೇಶದ ಕಾಗದಕ್ಕೆ ಮೀನು ಹೆದರಲಿಲ್ಲ.

ಈಗ ನಮ್ಮ ಬೇಡಿಕೆಗೆ ಬರ್ತೀನಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದಾಗ ಹೊರಗಿನ ಆಕ್ರಮಣಕಾರಿ ಜಾತಿಗಳ ಆಮದು, ಮಾರಾಟ, ಇಟ್ಕೊಳ್ಳೋದು ಇದನ್ನೆಲ್ಲಾ ನಿಯಂತ್ರಿಸೋ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸ್ಪಷ್ಟವಾಗಿ ಸಿಕ್ಕಿದೆ. ಮಾರ್ಬಲ್ಡ್ ಕ್ರೇಫಿಶ್, ಕೆಂಪು ಕ್ರೇಫಿಶ್ ಎರಡನ್ನೂ ಆ ಕಾನೂನಿನ ಕೆಳಗೆ ತನ್ನಿ ಅಂತ ರಾಜ್ಯದಿಂದ ಒಂದು ಪತ್ರ ಹೋಗ್ಲಿ. ಯುರೋಪಿಯನ್ ಯೂನಿಯನ್ 2016ರಲ್ಲೇ ಇವೆರಡನ್ನೂ, ಸಿಗ್ನಲ್ ಕ್ರೇಫಿಶ್ಶನ್ನೂ ನಿಷೇಧದ ಪಟ್ಟಿಗೆ ಹಾಕಿದೆ. ಆದ್ರೆ ಒಂದು ವಿನಂತಿ, ರಾತ್ರೋರಾತ್ರಿ ನಾಳೆಯಿಂದ ಇಟ್ಕೊಂಡೋರ ಮೇಲೆ ಕೇಸ್ ಅಂತ ಮಾಡ್ಬೇಡಿ, ಹೆದರಿ ಎಲ್ಲರೂ ಬಕೆಟ್ ತಗೊಂಡು ಹೋಗಿ ಹತ್ತಿರದ ಕೆರೆಗೆ ಸುರೀತಾರೆ. ಜಪಾನಲ್ಲಿ ಕೆಂಪು ಕ್ರೇಫಿಶ್ ಮನೆಮನೇಲಿ ಮಕ್ಕಳು ಸಾಕೋ ಪ್ರಾಣಿ, ಅವ್ರು ಇದೇ ಭಯಕ್ಕೆ 2023ರ ಜೂನ್‌ನಿಂದ ಹೊಸ ಥರ ನಿಯಮ ತಂದ್ರು: ಈಗಾಗ್ಲೇ ಸಾಕ್ತಿರೋರು ಸಾಕ್ಕೊಳ್ಳಿ, ಮಾರೋ ಹಾಗಿಲ್ಲ, ಆಮದು ಇಲ್ಲ, ಹೊರಗೆ ಬಿಟ್ರೆ ಶಿಕ್ಷೆ. ಇದು ನಂಗೆ ವಿವೇಕದ ದಾರಿ ಅನ್ಸುತ್ತೆ. ಜೊತೆಗೆ ಜಿಲ್ಲೆಗೊಂದು ಕಡೆ, ಇಲಾಖೆ ಕಚೇರೀಲೋ ಮೀನುಮರಿ ಕೇಂದ್ರದಲ್ಲೋ, ಬೇಡವಾದ ಕ್ರೇಫಿಶ್ ತಂದು ಒಪ್ಪಿಸೋಕೆ ವ್ಯವಸ್ಥೆ ಆಗ್ಲಿ, ಯಾರು ಏನು ಅಂತ ಪ್ರಶ್ನೆ ಕೇಳ್ದೇ ತಗೊಳ್ಳಲಿ. ಅಂಗಡಿಯವ್ರಿಗೆ ಫೋಟೋ ಸಮೇತ ಕನ್ನಡದಲ್ಲಿ ಒಂದು ಪಟ್ಟಿ ಕೊಡಿ, ಅವ್ರನ್ನ ಕಳ್ಳರ ಥರ ನೋಡ್ಬೇಡಿ, ದಿನಾ ಗಿರಾಕಿ ಜೊತೆ ಮಾತಾಡೋದು ಅವ್ರೇ, ಅವ್ರು ಹೇಳಿದ್ರೆ ಜನ ಕೇಳ್ತಾರೆ. ಕೆರೇಲಿ ಮೀನು ಹಿಡಿಯೋ ಟೆಂಡರ್ ತಗೊಂಡೋರಿಗೂ ಅದೇ ಫೋಟೋ ತಲುಪ್ಲಿ, ಬಲೇಲಿ ಇಂಥದ್ದು ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋ ನಂಬರ್ ಸಮೇತ.

ಅಕ್ವೇರಿಯಂ ಗೆಳೆಯರೇ, ನಿಮ್ಮ ಹತ್ರ ಕ್ರೇಫಿಶ್ ಇದ್ರೆ ಗಾಬರಿ ಬೇಡ. ಟ್ಯಾಂಕ್‌ಗೆ ಗಟ್ಟಿ ಮುಚ್ಚಳ ಹಾಕಿ, ಏರ್ ಪೈಪ್ ಹಿಡ್ಕೊಂಡು ಹತ್ತಿ ಹೊರಗೆ ಬರೋದ್ರಲ್ಲಿ ಇವು ಬಹಳ ಚುರುಕು. ಒಂದೇ ಒಂದು ಇದ್ದು, ಜೊತೆಗೆ ಯಾವುದೂ ಇಲ್ದೇ ಮತ್ತೆ ಮತ್ತೆ ಮೊಟ್ಟೆ ಇಡ್ತಿದ್ರೆ, ಅದು ಮಾರ್ಬಲ್ಡ್ ಇರೋ ಸಾಧ್ಯತೆ ಹೆಚ್ಚು, ಮರಿಗಳನ್ನ ಯಾರಿಗೂ ಹಂಚ್ಬೇಡಿ, ಜರ್ಮನೀಲಿ ಆಗಿದ್ದೇ ಹಂಚಿ ಹಂಚಿ. ನೀರು ಬದಲಾಯಿಸುವಾಗ ಆ ನೀರನ್ನ ಚರಂಡಿಗೆ ಬಿಡೋ ಬದಲು ಗಿಡದ ಬುಡಕ್ಕೆ ಹಾಕಿ, 'ಪಾಟ್'ಗಾದ್ರೂ ಸರಿ, ಒಣ ಮಣ್ಣಿಗೆ. ಸಾಕೋಕೆ ಆಗಲ್ಲ ಅಂತ ಆದ್ರೆ ಡಬ್ಬೀಲಿ ಹಾಕಿ ಫ್ರಿಜ್‌ನಲ್ಲಿ ಮೊದಲು ತಣ್ಣಗೆ ಮಾಡಿ, ಅದು ಅಲುಗಾಡೋದು ನಿಂತ ಮೇಲೆ ಫ್ರೀಜರ್‌ಗೆ ಒಂದೆರಡು ದಿನ ಇಟ್ಟು, ಆಮೇಲೆ ಹೂತು ಹಾಕಿ. ಇದು ಓದೋಕೆ ಕಷ್ಟ ಅಂತ ಗೊತ್ತು, ಸಾಕಿದ ಪ್ರಾಣಿ. ಪಾಪ ಬದುಕ್ಕೊಳ್ಳಲಿ ಅಂತ ಕೆರೆಗೋ, ದೇವಸ್ಥಾನದ ಕಲ್ಯಾಣಿಗೋ ಬಿಡೋರ ಮನಸ್ಸು ಒಳ್ಳೇದೇ ಇರುತ್ತೆ, ಆದ್ರೆ ಆ ನೀರಲ್ಲಿ ಆಗ್ಲೇ ಇರೋ ಗೊದಮೊಟ್ಟೆ, ಮೀನುಮರಿ, ಸಿಗಡಿ, ಏಡಿ ಇವೂ ಪಾಪವೇ ಅಲ್ವಾ.

ಕೊನೇದಾಗಿ ಇಲಾಖೆಗೆ: ರಾಜ್ಯದ ಯಾವುದಾದ್ರೂ ಕೆರೇಲಿ, ಡ್ಯಾಮಲ್ಲಿ ಕ್ರೇಫಿಶ್ ಸಿಕ್ಕಿದ ಬಗ್ಗೆ ನಿಮ್ಮ ಹತ್ರ ದಾಖಲೆ ಇದ್ಯಾ, ಇದ್ರೆ ಯಾವ ಜಾತಿ, ಎಲ್ಲಿ, ಆಮೇಲೆ ಏನು ಮಾಡಿದ್ರಿ, ಅಲಂಕಾರಿಕ ಮೀನು ಅಂಗಡಿಗಳನ್ನ ಕೊನೇ ಸಲ ಯಾವಾಗ ಪರಿಶೀಲಿಸಿದ್ರಿ, ಇಷ್ಟನ್ನ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿ. ಸಮೀಕ್ಷೆಗೆ ಜನ ಬೇಕಾದ್ರೆ ನಮ್ಮ ಕಾಲೇಜಿನ ಮಕ್ಕಳು ರೆಡಿ ಇದಾರೆ, ಮಳೆಗಾಲಕ್ಕೆ ಮುಂಚೆ, ಕೆರೆ ನೀರು ಕಮ್ಮಿ ಇರುವಾಗ ಮಾಡಿದ್ರೆ ಹುಡುಕೋದು ಸುಲಭ.

ಇಂತಿ,
ಮಲೆನಾಡಿನ ಒಬ್ಬ ಪ್ರಾಣಿಶಾಸ್ತ್ರ ಮೇಷ್ಟ್ರು